ಹುಳಿತದ್ದು, ಹಳಸಿದ್ದು

ಕುಡಿತದ ಬಗ್ಗೆ ಕನ್ನಡದಲ್ಲಿ ಬರವಣಿಗೆಗೆ ಬರವಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯನಿದ್ದಾನೆ. ಇಪ್ಪತ್ತನೆಯ ಶತಮಾನದಲ್ಲಿ ಜಿ.ಪಿ. ರಾಜರತ್ನಂ ತಾವು ಕುಡಿಯದೆಯೇ ಹೆಂಡಗುಡುಕ ರತ್ನನನ್ನು ಕೊಟ್ಟರು. ಅವನ ಪದಗಳನ್ನು ಹಾಡಿಕೊಂಡು ಬೆಳೆದವರಲ್ಲಿ ಒಂದು ತೊಟ್ಟೂ ಮುಟ್ಟದವರೇ ಹೆಚ್ಚು. ಆಮೇಲಿನ ಕತೆ, ಕಾದಂಬರಿಗಳಲ್ಲಿ ಸಾರಾಯಿ ಅಂಗಡಿ ಇಲ್ಲದ ಊರೇ ಇಲ್ಲ. ಇಷ್ಟಿದ್ದರೂ ಕುಡಿದದ್ದು ಹೇಗಿತ್ತು ಎಂದು ಹೇಳುವ ಸಾಲು ಅಪರೂಪ. ಒಬ್ಬರಿಗೆ ಅದು ತತ್ವದ ರೂಪಕ, ಇನ್ನೊಬ್ಬರಿಗೆ ನಂಜಿಯನ್ನೂ ಕನ್ನಡವನ್ನೂ ಎದೆ ತುಂಬಿ ಹೊಗಳಲು ಸಿಕ್ಕ ಧೈರ್ಯ, ಮತ್ತೊಬ್ಬರಿಗೆ ಮನೆ ಮುರಿಯುವ ಚಟ. ಆ ಹೆಂಡ ಹುಳಿಯಾಗಿತ್ತೇ, ಒಗರಾಗಿತ್ತೇ, ಎಷ್ಟು ಹೊತ್ತಿನದು ಎಂಬ ಪ್ರಶ್ನೆಗಳು ನಮ್ಮ ಪುಟಗಳಲ್ಲಿ ಸುಳಿಯುವುದೇ ಇಲ್ಲವೆನ್ನುವಷ್ಟು ಕಡಿಮೆ.

ರುಚಿಯ ಬಗ್ಗೆ ಬರೆಯಲು ಕನ್ನಡಕ್ಕೆ ಬಾರದು ಎಂದು ಇದರ ಅರ್ಥವಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಬರೆದ ‘ಸೂಪಶಾಸ್ತ್ರ’ದಲ್ಲಿ ಪಾನಕಕ್ಕೆಂದೇ ಒಂದು ಅಧ್ಯಾಯವಿದೆ, ಅದೂ ಷಟ್ಪದಿಯಲ್ಲಿ. ಹಾಗಾಗಿ ಒಂದು ಲೋಟ ಬಿಯರನ್ನು ಕನ್ನಡದಲ್ಲಿ ವಿಮರ್ಶಿಸುವುದು ತೀರ ಅಡ್ಡದಾರಿಯ ಕೆಲಸವೇನೂ ಅಲ್ಲ ಎಂದುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಪಿಎಚ್.ಡಿ. ಅಧ್ಯಯನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಅಡುಗೆಮನೆಯ ಪದಗಳ ಬಗ್ಗೆ. ಬಿಯರ್ ಆ ಅಧ್ಯಯನದೊಳಗೆ ಬರುವ ವಸ್ತುವಲ್ಲ. ಆದರೆ ಈ ಬಿಯರಿನ ಹೆಸರಿನಲ್ಲೇ ಹುಳಿ ಇತ್ತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಅತಿ ಹೆಚ್ಚು ಪುಟ ತುಂಬಿರುವುದೂ ಹುಳಿಯ ಪದಗಳಿಂದಲೇ.

ನಾನು ಕುಡಿದದ್ದು ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ, ನೇರಳೆಹಣ್ಣು ಹಾಕಿದ ‘ಸಾವರ್’ ಬಿಯರ್. ಅಂಗಡಿಯ ಹೆಸರು ಇಲ್ಲಿ ಮುಖ್ಯವಲ್ಲ, ಈಗ ಇಂಥವು ಹಲವು ಕಡೆ ಸಿಗುತ್ತವೆ. ಮೆನುವಿನಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ವಿಶೇಷಣಗಳಿದ್ದವು: ಟಾರ್ಟ್, ಜ್ಯಾಮಿ, ಫಂಕಿ, ರಿಫ್ರೆಶಿಂಗ್. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತಿನ ಕಾರಣಿಕ ನುಡಿಯುತ್ತಾನೆ. ಆ ಮಾತು ಮಳೆಯದೋ, ಬೆಳೆಯದೋ, ರಾಜಕೀಯದ್ದೋ ಎಂದು ಕೇಳಿದವರೆಲ್ಲ ವರ್ಷವಿಡೀ ಅರ್ಥ ಹಚ್ಚುತ್ತಾರೆ. ಮೆನುವಿನ ಮಾತೂ ಹೀಗೆಯೇ ಚಿಕ್ಕದು. ಅರ್ಥ ಹಚ್ಚುವ ಕೆಲಸವನ್ನು ಮಾತ್ರ ಇಲ್ಲಿ ಯಾರೂ ಮಾಡುವುದಿಲ್ಲ. ಒಪ್ಪಿಕೊಂಡು ಕುಡಿಯುತ್ತಾರೆ.

ಆ ನಾಲ್ಕು ಮಾತುಗಳಿಗೆ ಬರುವ ಮೊದಲು ಇಂಥ ಬಿಯರ್ ಆಗುವ ಬಗೆಯನ್ನು ಹೇಳಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಜೊತೆಗೆ ಕೆಲವೊಮ್ಮೆ ಗೋಧಿಯನ್ನು, ಬಿಸಿನೀರಿನಲ್ಲಿ ನೆನೆಸಿ ಸಿಹಿಯಾದ ರಸ ತೆಗೆಯುತ್ತಾರೆ. ಅದನ್ನು ಕಾಯಿಸಿ, ಸುಮಾರು 35ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಿಡುತ್ತಾರೆ. ಹಾಲು ಮೊಸರಾಗುವುದೂ, ದೋಸೆಹಿಟ್ಟು ಹುಳಿಯುವುದೂ ಇದರ ಬಳಗದವುಗಳಿಂದಲೇ. ಒಂದೆರಡು ದಿನದಲ್ಲಿ ರಸ ಹುಳಿಯಾಗುತ್ತದೆ. ಸಾಮಾನ್ಯ ಬಿಯರಿನ ಪಿಎಚ್ 4ಕ್ಕಿಂತ ಮೇಲಿದ್ದರೆ ಇದರದು 3.2ರಿಂದ 3.5ರ ಆಸುಪಾಸಿಗೆ ಇಳಿಯುತ್ತದೆ. ಬೇಕಾದಷ್ಟು ಹುಳಿ ಬಂದ ಮೇಲೆ ಮತ್ತೆ ಕುದಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಾರೆ. ಆಮೇಲೆ ಯೀಸ್ಟ್, ಕೊನೆಗೆ ಹಣ್ಣಿನ ತಿರುಳು. ಕುದಿಸುವ ಹಂಡೆಯಲ್ಲೇ ಹುಳಿ ಬರಿಸುವುದರಿಂದ ಇದಕ್ಕೆ ‘ಕೆಟಲ್ ಸಾವರ್’ ಎನ್ನುತ್ತಾರೆ. ಬ್ರೂಪಬ್‌ಗಳ ಹಣ್ಣಿನ ಹುಳಿ ಬಿಯರುಗಳಲ್ಲಿ ಹೆಚ್ಚಿನವು ಈ ದಾರಿಯವು. ನಾನು ಕುಡಿದದ್ದೂ ಇದೇ ಎಂದು ಅಲ್ಲಿನವರು ಹೇಳಿದರು.

ಈ ವಿಧಾನವನ್ನು ಓದುವಾಗ ಗುರುತು ಹತ್ತುವುದು ಅಂಬಲಿಯದು. ನಮ್ಮ ಕಡೆ ಜೋಳದ ಹಿಟ್ಟನ್ನೋ ರಾಗಿ ಹಿಟ್ಟನ್ನೋ ನೀರಿನಲ್ಲಿ ಕಲಸಿ ರಾತ್ರಿಯಿಡೀ ಮಣ್ಣಿನ ಗಡಿಗೆಯಲ್ಲಿ ಇಡುತ್ತಾರೆ. ಬೆಳಿಗ್ಗೆ ಅದಕ್ಕೆ ಸಣ್ಣ ಹುಳಿ ಬಂದಿರುತ್ತದೆ. ಆಮೇಲೆ ಕುದಿಸಿ, ತಣಿಸಿ, ಮಜ್ಜಿಗೆ ಉಪ್ಪು ಬೆರೆಸಿ, ಉಳ್ಳಾಗಡ್ಡಿಯನ್ನೋ ಹಸಿಮೆಣಸಿನಕಾಯಿಯನ್ನೋ ಕಚ್ಚಿಕೊಂಡು ಕುಡಿಯುತ್ತಾರೆ. ಮೊದಲು ಹುಳಿಸುವುದು, ನಂತರ ಕುದಿಸಿ ಆ ಹುಳಿಯನ್ನು ಅಲ್ಲಿಗೇ ನಿಲ್ಲಿಸುವುದು ಎಂಬ ಕ್ರಮ ಎರಡರಲ್ಲೂ ಒಂದೇ. ಬಿಯರಿನವರು ಪಿಎಚ್ ಮೀಟರ್ ನೋಡಿ ನಿಲ್ಲಿಸುತ್ತಾರೆ, ಅಂಬಲಿಯವರು ಮೂಗು ನೋಡಿ.

ಕೂಡ್ಲಿಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಣಸೆಹಣ್ಣು ಬಡಿದು ಬೀಜ ಬಿಡಿಸುತ್ತಿದ್ದ ಅಜ್ಜಿಯೊಬ್ಬರ ಹತ್ತಿರ ಪದಗಳನ್ನು ಕೇಳಿ ಬರೆದುಕೊಳ್ಳುವಾಗ ಈ ಬಿಯರಿನ ಮಾತನ್ನೂ ತೆಗೆದೆ. ಹಿಂಗಿಂಗೆ, ಪ್ಯಾಟ್ಯಾಗ ಒಂದು ಹುಳಿ ಪಾನೀಯ ಮಾಡ್ತಾರ ಅಜ್ಜಿ, ಕಾಳು ನೆನೆಸಿ, ಹುಳಿ ಬರಿಸಿ, ಮ್ಯಾಲೆ ನೇರಳೆಹಣ್ಣು ಹಾಕ್ತಾರ ಅಂದೆ. ಅವರು ಕೈ ನಿಲ್ಲಿಸದೆ ಕೇಳಿದರು: “ಹುಳಿ ಬರ್ಸ್ಯಾರೋ, ತಾನಾ ಬಂದೈತೋ ಯವ್ವಾ?”

ಹುಳಿ ಬಿಯರಿನ ಇಡೀ ಚರಿತ್ರೆ ಈ ಒಂದು ಪ್ರಶ್ನೆಯ ಸುತ್ತ ಕಟ್ಟಿದ್ದು. ಬೆಲ್ಜಿಯಂನ ಬ್ರಸೆಲ್ಸ್ ಸುತ್ತಮುತ್ತ ಮಾಡುವ ಲ್ಯಾಂಬಿಕ್‌ಗೆ ಯಾರೂ ಯೀಸ್ಟ್ ಹಾಕುವುದಿಲ್ಲ. ಕುದಿಸಿದ ರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಬಿಟ್ಟು, ಗಾಳಿಯಲ್ಲಿದ್ದದ್ದು ಬಂದು ಸೇರಲಿ ಎಂದು ಕಾಯುತ್ತಾರೆ. ನಂತರ ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ಇಡುತ್ತಾರೆ. ಅದಕ್ಕೆ ಹುಳಿ ಚೆರ್ರಿ ಸೇರಿಸಿದರೆ ‘ಕ್ರೀಕ್’. ಹಣ್ಣಿನ ಹುಳಿ ಬಿಯರುಗಳ ಹಿರಿಯ ಮನೆತನ ಇದು. ಅಲ್ಲಿ ಹುಳಿ ತಾನಾಗಿ ಬರುತ್ತದೆ. ಕೆಟಲ್ ಸಾವರಿನಲ್ಲಿ ಹುಳಿಯನ್ನು ಬರಿಸುತ್ತಾರೆ. ನಮ್ಮ ಈಚಲ ಹೆಂಡ ಮೊದಲ ಬಗೆಯದು. ಮರದಿಂದ ಇಳಿಸಿದಾಗ ಸಿಹಿಯಾದ ರಸ ಕೆಲವೇ ತಾಸುಗಳಲ್ಲಿ ಗಾಳಿಯ ಯೀಸ್ಟ್ ಹತ್ತಿ ಹೆಂಡವಾಗುತ್ತದೆ. ಇನ್ನೂ ಬಿಟ್ಟರೆ ಹುಳಿ ಏರುತ್ತ ಏರುತ್ತ ಕೊನೆಗೆ ವಿನೆಗರ್ ಆಗುತ್ತದೆ. ಬೆಳಗಿನ ಹೆಂಡ ಸಂಜೆ ಇನ್ನೊಂದೇ ಪಾನೀಯ.

ಯುರೋಪಿನಲ್ಲೂ ಹುಳಿಗೆ ಮರ್ಯಾದೆ ಸದಾ ಇರಲಿಲ್ಲ. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಬಗ್ಗೆ ಬರೆದ ಪುಸ್ತಕದಲ್ಲಿ ಹುಳಿಯಾಗುವುದು ಬಿಯರಿಗೆ ತಗಲುವ ರೋಗಗಳಲ್ಲಿ ಒಂದು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್‌ನಲ್ಲಿ ಎಮಿಲ್ ಹ್ಯಾನ್ಸನ್ ಒಂದೇ ತಳಿಯ ಶುದ್ಧ ಯೀಸ್ಟನ್ನು ಬೇರ್ಪಡಿಸಿದ. ಆ ಬಳಿಕ ಜಗತ್ತಿನ ಹೆಚ್ಚಿನ ಬಿಯರು ಎಲ್ಲೆಡೆ ಒಂದೇ ರುಚಿಗೆ ತಿರುಗಿತು. ಹುಳಿ ಉಳಿದದ್ದು ಬ್ರಸೆಲ್ಸ್, ಬರ್ಲಿನ್, ಲೈಪ್ಜಿಗ್‌ನಂಥ ಕೆಲವು ಮೂಲೆಗಳಲ್ಲಿ. ಇತ್ತೀಚಿನ ಕ್ರಾಫ್ಟ್ ಬಿಯರಿನವರು ಅದನ್ನು ಮತ್ತೆ ಎತ್ತಿಕೊಂಡರು. ಅಂದರೆ ಇವತ್ತು ಹೆಚ್ಚು ದುಡ್ಡು ಕೊಟ್ಟು ಕುಡಿಯುವ ರುಚಿ ನೂರೈವತ್ತು ವರ್ಷದ ಹಿಂದೆ ಪುಸ್ತಕದಲ್ಲಿ ಕೆಟ್ಟುಹೋದದ್ದೆಂದು ದಾಖಲಾದ ರುಚಿಯೇ.

ನಮ್ಮ ಅಡುಗೆಮನೆಯಲ್ಲಿ ಈ ಗೊಂದಲ ಇರಲಿಲ್ಲ. ನಮ್ಮಲ್ಲಿ ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಹಿಟ್ಟು ಹುಳಿಯುತ್ತದೆ, ಅನ್ನ ಹಳಸುತ್ತದೆ. ಹುಳಿತದ್ದು ಬೇಕಾಗಿ ಆದದ್ದು, ಹಳಸಿದ್ದು ಬೇಡವಾಗಿ ಆದದ್ದು. ವಿಜ್ಞಾನದ ಕಣ್ಣಿಗೆ ಎರಡೂ ಸೂಕ್ಷ್ಮಜೀವಿಗಳ ಕೆಲಸವೇ, ಎರಡಕ್ಕೂ ನಡುವೆ ಕೆಲವು ತಾಸುಗಳ ಅಂತರ ಮಾತ್ರ. “ಹುಳಿ ಬಂದೈತಿ” ಎಂದವರು ಒಲೆ ಹಚ್ಚುತ್ತಾರೆ, “ಹಳಸೈತಿ” ಎಂದವರು ದನದ ಬಾನಿಗೆ ಸುರಿಯುತ್ತಾರೆ. ಇದು ದಿನಾ ಬೆಳಿಗ್ಗೆ, ಬಡತನದ ನಡುವೆ, ಮೂಗಿನಿಂದ ಕೊಡುವ ತೀರ್ಪು. ತಪ್ಪಿದರೆ ಹೊಟ್ಟೆ ಕೆಡುತ್ತದೆ, ಸುಮ್ಮನೆ ಚೆಲ್ಲಿದರೆ ಹಿಟ್ಟು ಹೋಗುತ್ತದೆ. ನನ್ನ ಮಟ್ಟಿಗೆ ವಿಮರ್ಶೆ ಎಂಬ ಕೆಲಸದ ಅತಿ ಹಳೆಯ ರೂಪ ಇದು.

ಈಗ ಮೆನುವಿನ ಆ ಮಾತುಗಳಿಗೆ ಬರೋಣ. ‘ಫಂಕಿ’ ಎಂಬುದು ಹುಳಿ ಬಿಯರ್ ಪ್ರಿಯರಲ್ಲಿ ನಿಜವಾದ ಅರ್ಥವಿರುವ ಪದ. ಲ್ಯಾಂಬಿಕ್‌ನಂಥವುಗಳಲ್ಲಿ ಬ್ರೆಟನೊಮೈಸಿಸ್ ಎಂಬ ಯೀಸ್ಟ್ ವರ್ಷಗಟ್ಟಲೆ ಕೂತು ಹುಟ್ಟಿಸುವ ಕೊಟ್ಟಿಗೆಯ, ಹುಲ್ಲಿನ, ಚರ್ಮದ ವಾಸನೆಗೆ ಅದು ಹೆಸರು. ಇಂಗ್ಲಿಷಿನಲ್ಲಿ ಇದಕ್ಕೆ ಕುದುರೆಯ ಮೈಮೇಲಿನ ಕಂಬಳಿಯ ವಾಸನೆ ಎಂದೂ ಹೇಳುತ್ತಾರೆ, ಅದೂ ಮೆಚ್ಚುಗೆಯಾಗಿ. ನಮಗೆ ಕುದುರೆ ದೂರ. ಆದರೆ ಮಳೆಯಲ್ಲಿ ನೆನೆದ ಕುರಿಗಾರನ ಕಂಬಳಿ ಗೊತ್ತಿಲ್ಲದವರು ಈ ಐದು ತಾಲ್ಲೂಕುಗಳಲ್ಲಿ ಸಿಗಲಾರರು. ತೊಂದರೆ ಏನೆಂದರೆ ನನ್ನ ಲೋಟದಲ್ಲಿ ಆ ಕಂಬಳಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕೆಟಲ್ ಸಾವರಿನ ಹುಳಿ ಶುಚಿಯಾದ, ಒಂದೇ ಎಳೆಯ ಹುಳಿ. ಅದರಲ್ಲಿ ಬ್ರೆಟನೊಮೈಸಿಸ್ ಇಲ್ಲ. ಮೆನು ಬರೆದವರಿಗೆ ‘ಫಂಕಿ’ ಎಂಬುದು ಒಂದು ವಾಸನೆಯ ಹೆಸರಾಗಿ ಉಳಿದಿಲ್ಲ. ಹುಳಿ ಬಿಯರ್ ಎಂದಮೇಲೆ ಹಚ್ಚಲೇಬೇಕಾದ ಚೀಟಿಯಾಗಿದೆ.

ಇದನ್ನು ಕಂಡು ನಗುವ ಹಕ್ಕು ನಮಗಿಲ್ಲ. ಕನ್ನಡದ ಪುಸ್ತಕಗಳ ಬೆನ್ನುಡಿಗಳಲ್ಲಿ ‘ಸೊಗಡು’ ಎಂಬ ಪದ ಎಷ್ಟು ಸಲ ಬರುತ್ತದೆ ಎಂದು ಓದುಗರು ಒಮ್ಮೆ ತಮ್ಮ ಕಪಾಟಿನಲ್ಲೇ ನೋಡಿಕೊಳ್ಳಬಹುದು. ಗ್ರಾಮೀಣ ಸೊಗಡು, ಬಯಲುಸೀಮೆಯ ಸೊಗಡು, ಮಣ್ಣಿನ ಸೊಗಡು. ಸೊಗಡು ಮೂಲದಲ್ಲಿ ಮೂಗಿನ ಪದ, ಘಾಟಾದ ಗಾಢ ವಾಸನೆಗೆ ಹೆಸರು. ಅವರೆಕಾಯಿ ಕೊಳ್ಳುವವರು ಇವತ್ತಿಗೂ ಅದನ್ನು ಆ ಅರ್ಥದಲ್ಲೇ ಬಳಸುತ್ತಾರೆ. ಸೊಗಡಿನ ಅವರೆ ಎಂದರೆ ಬಿಡಿಸಿದ ಬೆರಳಿಗೆ ಜಿಡ್ಡಾಗಿ ಹತ್ತುವ ವಾಸನೆಯದು. ಸೊಗಡಿಲ್ಲದ್ದನ್ನು ಸೊಗಡಿನದು ಎಂದು ಮಾರಿದರೆ ಸಂತೆಯಲ್ಲಿ ಜಗಳವಾಗುತ್ತದೆ. ಬೆನ್ನುಡಿಯಲ್ಲಿ ಹಾಗೆ ಬರೆದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಯಾವ ಸೊಗಡು, ಯಾವ ಪುಟದಲ್ಲಿ ಎಂದು ಕೇಳುವವರಿಲ್ಲದೆ ಆ ಪದ ನಮ್ಮ ‘ಫಂಕಿ’ ಆಗಿಬಿಟ್ಟಿದೆ.

ಲೋಟಕ್ಕೆ ಮರಳುತ್ತೇನೆ. ಬಣ್ಣ ಚೆಂದವಿತ್ತು, ನೇರಳೆ ತಿಂದ ಮಕ್ಕಳ ನಾಲಗೆಯ ಬಣ್ಣ. ಮೊದಲ ಗುಟುಕಿಗೆ ಹುಳಿ ಚುರುಕಾಗಿ ದವಡೆಯ ಮೂಲೆಗೆ ಹೊಡೆಯಿತು. ಅದರ ಹಿಂದೆಯೇ ಹಣ್ಣಿನ ಸಿಹಿ ಬಂದು ಆ ಹೊಡೆತವನ್ನು ಸಮಾಧಾನ ಮಾಡಿತು. ದೋಷದ ವಾಸನೆ ಒಂದೂ ಇರಲಿಲ್ಲ, ಶುಚಿಯಾದ ಕೆಲಸ. ತಳದಲ್ಲಿ ಒಂದು ಚೂರು ಉಪ್ಪೂ ಇದ್ದಂತಿತ್ತು. ಜರ್ಮನಿಯ ‘ಗೋಸೆ’ ಎಂಬ ಹುಳಿ ಬಿಯರಿಗೆ ಉಪ್ಪು, ಕೊತ್ತಂಬರಿ ಬೀಜ ಹಾಕುತ್ತಾರೆ. ಅದನ್ನು ಓದಿದಾಗ ನನಗೆ ಮಜ್ಜಿಗೆಯೇ ನೆನಪಾಗಿತ್ತು, ಈ ಲೋಟದ ಉಪ್ಪು ಆ ಕಡೆಯ ಪ್ರಭಾವವಿರಬೇಕು. ಇಷ್ಟರ ಮಟ್ಟಿಗೆ ಬಿಯರ್ ಒಳ್ಳೆಯದೇ.

ಕಾಣೆಯಾದದ್ದು ಒಗರು. ನೇರಳೆಯ ಗುಣ ಸಿಹಿಯೂ ಅಲ್ಲ, ಹುಳಿಯೂ ಅಲ್ಲ, ತಿಂದ ಮೇಲೆ ನಾಲಗೆಯನ್ನು ಹಿಡಿದು ಎಳೆಯುವ ಒಗರು. ನಮ್ಮ ಷಡ್ರಸಗಳ ಲೆಕ್ಕದಲ್ಲಿ ಸಿಹಿ, ಹುಳಿ, ಉಪ್ಪು, ಖಾರ, ಕಹಿಯ ಜೊತೆ ಅದೂ ಒಂದು ಪೂರ್ಣ ರಸ. ಪಾಶ್ಚಾತ್ಯ ಲೆಕ್ಕದಲ್ಲಿ ಒಗರು ರುಚಿಯೇ ಅಲ್ಲ, ಬಾಯಿ ಒಣಗುವ ಒಂದು ಸ್ಪರ್ಶ. ಬಿಯರ್ ತೀರ್ಪುಗಾರರ ಪಟ್ಟಿಯಲ್ಲಿ ಅದು ಬಹುಮಟ್ಟಿಗೆ ದೋಷದ ಕಡೆಗೇ ಬರುತ್ತದೆ. ಆದ್ದರಿಂದ ಈ ಬಿಯರ್ ಮಾಡಿದವರು ನೇರಳೆಯಿಂದ ಬಣ್ಣವನ್ನೂ ಸಿಹಿಯನ್ನೂ ತೆಗೆದುಕೊಂಡು ಒಗರನ್ನು ಹೊರಗೆ ನಿಲ್ಲಿಸಿದ್ದಾರೆ. ನೇರಳೆಯನ್ನು ಕಂಡಿಲ್ಲದವರಿಗೆ ಇದು ಹಣ್ಣಿನ ಬಿಯರ್. ಕಂಡವರಿಗೆ ನೇರಳೆಯನ್ನು ಬಿಟ್ಟು ಮಿಕ್ಕ ಹಣ್ಣಿನ ಬಿಯರ್. ‘ಜ್ಯಾಮಿ’ ಎಂಬ ವಿಶೇಷಣ ಮಾತ್ರ ಈ ಲೋಟದ ಮಟ್ಟಿಗೆ ಸತ್ಯವಾಗಿತ್ತು: ನೇರಳೆ ಇಲ್ಲಿ ಜಾಮ್ ಆಗಿತ್ತು.

ಎರಡನೆಯ ಕೊರತೆ, ಹುಳಿಗೆ ಜೊತೆ ಇರಲಿಲ್ಲ. ನಮ್ಮ ಕಡೆ ಹುಳಿ ಒಂಟಿಯಾಗಿ ಊಟಕ್ಕೆ ಬರುವುದಿಲ್ಲ. ಪುಂಡಿಪಲ್ಯಕ್ಕೆ ಜೋಳದ ನುಚ್ಚಿನ ಮೆತ್ತನೆ ಬೇಕು, ಅಂಬಲಿಗೆ ಮೆಣಸಿನಕಾಯಿಯ ಖಾರ ಬೇಕು, ಹುಣಸೆಗೆ ಬೆಲ್ಲ ಬೇಕು. ಇದೇ ಬಿಯರನ್ನು ಕೊಟ್ಟೂರಿನ ಮಿರ್ಚಿ-ಮಂಡಕ್ಕಿಯ ಪಕ್ಕದಲ್ಲಿಟ್ಟರೆ ಅದರ ಏಕನಾದ ಒಂದು ಕೆಲಸವಾಗಿ ಬದಲಾಗುತ್ತದೆ. ಎಣ್ಣೆ ಕತ್ತರಿಸಿ ಮುಂದಿನ ತುತ್ತಿಗೆ ಬಾಯಿ ತೊಳೆದುಕೊಡುತ್ತದೆ. ಮೇಜಿನ ಮೇಲೆ ಬಂದದ್ದು ಸಪ್ಪೆ ಆಲೂಗಡ್ಡೆಯ ಕಡ್ಡಿಗಳು.

ನನಗೆ ಇದು ಬಿಯರಿಗಿಂತ ದೊಡ್ಡ ಮಾತಾಗಿ ಕಾಣುವುದು ನಮ್ಮ ಸೀಮೆಯ ಬಗ್ಗೆ ಬರೆದ ಕತೆಗಳನ್ನು ಓದುವಾಗ. ಬೇಗ ಹುಳಿ ಬರಿಸಿದ ಕತೆಗಳಿವೆ. ಬರ, ಗುಳೆ, ಸಾವು ಎಂಬ ಒಂದೇ ಎಳೆಯ ಹುಳಿಯನ್ನು ಎರಡು ದಿನದಲ್ಲಿ ಏರಿಸಿ, ಮೇಲೆ ಆಡುಮಾತಿನ ತಿರುಳು ಸುರಿದವು. ‘ಐತಿ’, ‘ಬ್ಯಾಡ’, ‘ಯವ್ವಾ’ಗಳು ಬಣ್ಣ ಕೊಡುತ್ತವೆ, ಸಿಹಿ ಕೊಡುತ್ತವೆ. ಮಾತಿನೊಳಗಿನ ಒಗರು ಮಾತ್ರ ಹೊರಗೆ ಉಳಿದಿರುತ್ತದೆ. ಅಂದರೆ ಆ ಮಾತನ್ನಾಡುವವರ ವ್ಯಂಗ್ಯ, ಲೆಕ್ಕಾಚಾರ, ಓದುಗರನ್ನು ಅಷ್ಟು ಸುಲಭವಾಗಿ ಹತ್ತಿರ ಬಿಟ್ಟುಕೊಳ್ಳದ ಬಿಗಿತ. ಅಂಥ ಕತೆಯೂ ಶುಚಿಯಾಗಿರುತ್ತದೆ, ಕುಡಿಯಲು ಹಿತವಾಗಿರುತ್ತದೆ. ಅದಕ್ಕೆ ‘ಸೊಗಡು’ ಎಂಬ ಚೀಟಿ ಹಚ್ಚುವ ಮೊದಲು ಅಜ್ಜಿಯ ಪ್ರಶ್ನೆ ಕೇಳಬೇಕು: ಹುಳಿ ಬರಿಸಿದ್ದಾರೋ, ತಾನಾಗಿ ಬಂದಿದೆಯೋ?

ಇಷ್ಟು ಹೇಳಿದ ಮೇಲೂ ಒಂದು ಆಕ್ಷೇಪಕ್ಕೆ ಉತ್ತರಿಸದೆ ಮುಗಿಸುವಂತಿಲ್ಲ. ಹೆಂಡದಿಂದ, ಸಾರಾಯಿಯಿಂದ ಇಷ್ಟು ಕಷ್ಟ ಕಂಡ ಸೀಮೆಯವಳು ಬಿಯರಿನ ರುಚಿ ಬಣ್ಣಿಸುವುದು ಸರಿಯೇ? ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈನಲ್ಲಿ. ಅದರಿಂದ ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಪೂರ್ಣ ಮದ್ಯನಿಷೇಧ ಕೇಳಿಕೊಂಡು ನಮ್ಮ ನೆರೆಯ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು ಇನ್ನೂರು ಕಿಲೋಮೀಟರ್ ನಡೆದರು. ಅವರ ಎದುರು ‘ಟಾರ್ಟ್’, ‘ಜ್ಯಾಮಿ’ ಎಂಬ ಮಾತುಗಳು ಹಗುರವೆನಿಸುವುದು ಸಹಜ. ಹಣದ ಲೆಕ್ಕವೂ ಇದೆ. 2024-25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ. ನಾನು ಕುಡಿದ ಲೋಟದ ಬೆಲೆ ತೆರಿಗೆ ಸೇರಿ ಅದಕ್ಕಿಂತ ಹೆಚ್ಚು.

ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಅದರೊಳಗೆ ಅಡಗಿರುವ ಒಂದು ನಂಬಿಕೆಯನ್ನು ಮಾತ್ರ ಒಪ್ಪಲಾರೆ. ಬೆಂಗಳೂರಿನಲ್ಲಿ ಕುಡಿಯುವವರಿಗೆ ರುಚಿ, ಹಳ್ಳಿಯಲ್ಲಿ ಕುಡಿಯುವವರಿಗೆ ಚಟ. ಪ್ಯಾಟೆಯ ಹುಳಿ ಅಭಿರುಚಿ, ಹಳ್ಳಿಯ ಹುಳಿ ಬಡತನ ಎಂಬುದು ಆ ನಂಬಿಕೆ. ಚಿತ್ರದುರ್ಗದಿಂದ ನಡೆದ ಹೆಣ್ಣುಮಕ್ಕಳೇ ಹುಳಿತದ್ದು ಯಾವುದು, ಹಳಸಿದ್ದು ಯಾವುದು ಎಂದು ದಿನಾ ತೀರ್ಪು ಕೊಡುವವರು. ರುಚಿಯ ಅಧಿಕಾರ ಇರುವುದು ಅವರ ಬಳಿ. ಆ ಅಧಿಕಾರದ ಪದಗಳನ್ನು ಮೆನುವಿನ ಇಂಗ್ಲಿಷಿಗೂ ಬೆನ್ನುಡಿಯ ಕನ್ನಡಕ್ಕೂ ಬಿಟ್ಟುಕೊಟ್ಟರೆ ಸೋಲುವವರು ಕುಡಿಯುವವರಲ್ಲ, ಅವರು.

ಹೊರಗಿನ ಉದಾಹರಣೆಗಳು ದಾರಿ ತೋರಿಸುತ್ತವೆ. ದಕ್ಷಿಣ ಆಫ್ರಿಕಾದಲ್ಲಿ ‘ಉಂಕೊಂಬೋತಿ’ ಎಂಬ ಮನೆಯ ಹುಳಿ ಬಿಯರನ್ನು ಮೆಕ್ಕೆಜೋಳ ಮತ್ತು ಮೊಳಕೆ ಬರಿಸಿದ ಜೋಳದಿಂದ ಮಾಡುತ್ತಾರೆ. ನಮ್ಮ ರೊಟ್ಟಿಯ ಜೋಳವೂ ಅದೇ ಬೆಳೆ. ಬ್ರೆಜಿಲ್‌ನ ಸಾಂಟಾ ಕ್ಯಾಟರಿನಾ ರಾಜ್ಯದವರು ಬರ್ಲಿನ್ನಿನ ಹುಳಿ ಬಿಯರನ್ನು ತಮ್ಮ ಹಣ್ಣುಗಳಿಗೆ ಒಗ್ಗಿಸಿಕೊಂಡು ಅದಕ್ಕೆ ‘ಕ್ಯಾಟರೀನಾ ಸಾವರ್’ ಎಂದು ತಮ್ಮ ನೆಲದ ಹೆಸರಿಟ್ಟರು. ಅಂತರರಾಷ್ಟ್ರೀಯ ಬಿಯರ್ ತೀರ್ಪುಗಾರರ ಪಟ್ಟಿ ಈಗ ಆ ಹೆಸರನ್ನು ಒಪ್ಪಿಕೊಂಡಿದೆ. ಹೆಸರಿಡುವುದು ನಮಗೂ ಹೊಸದಲ್ಲ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಒಂದು ಊರಿನ ಘಮಕ್ಕೆ ಹೆಸರಿರುವ ಸೀಮೆಯಲ್ಲಿ ಅದರ ಹುಳಿಗಳಿಗೂ ಹೆಸರುಗಳಿವೆ, ಬರೆದಿಟ್ಟಿಲ್ಲ ಅಷ್ಟೇ. ಅದಕ್ಕೆ ಬಿಯರೇ ಆಗಬೇಕೆಂದೂ ಇಲ್ಲ. ಅಂಬಲಿಯ ಗಡಿಗೆಯ ಮುಂದೆ ಕೂತರೂ ಸಾಕು.

ಮೆನುವಿನ ಆ ನಾಲ್ಕು ಪದಗಳ ಜಾಗದಲ್ಲಿ ನಾನು ಬರೆಯುವುದು ಇಷ್ಟು: ನೇರಳೆ ಬಣ್ಣದ, ಶುಚಿಯಾದ, ಬರಿಸಿದ ಹುಳಿ. ದವಡೆಗೆ ಚುರುಕು, ಗಂಟಲಿಗೆ ಹಗುರ. ಹಣ್ಣಿನ ಒಗರು ತೆಗೆದಿದ್ದಾರೆ. ನೆನೆದ ಕಂಬಳಿಯ ವಾಸನೆ ಇಲ್ಲ. ಹಳಸಿಲ್ಲ, ಆದರೆ ಪೂರ್ತಿ ಹುಳಿತಿಲ್ಲ. ಮಿರ್ಚಿಯ ಜೊತೆ ಒಂದು ಲೋಟ ಸಾಕು.